ಇದೆಯೋ ಇಲ್ಲವೋ ಎಂಬಷ್ಟು ಹಗುರ

ಬಲಗೈಯ ಎರಡು ಬೆರಳುಗಳು ಸುಳ್ಳು ಹೇಳುತ್ತಿವೆ ಎಂದು ಖರೀದಿ ವಿಭಾಗದ ಸಾಹೇಬರು ತೀರ್ಮಾನಿಸಿದ ದಿನವೇ ಅವನು ಕಳ್ಳನಾದ. ಕದ್ದದ್ದು ಆಮೇಲೆ.

ಅವನ ಕೆಲಸ ಲಿಫ್ಟ್ ತಪಾಸಣೆ. ಕೆಟ್ಟು ನಿಂತ ಲಿಫ್ಟಿನ ನಿಯಂತ್ರಣ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಅದಕ್ಕೇನು ಕಾಯಿಲೆ ಎಂದು ಓದಬೇಕು. ಪೆಟ್ಟಿಗೆ ಇರುವುದು ಸಾಮಾನ್ಯವಾಗಿ ಕಟ್ಟಡದ ನೆತ್ತಿಯ ಮೇಲೆ. ಲಿಫ್ಟ್ ಕೆಟ್ಟಿದೆ ಎಂದೇ ಅವನನ್ನು ಕರೆಸಿರುತ್ತಾರೆ. ಹಾಗಾಗಿ ಊರ ಜನರನ್ನೆಲ್ಲ ನಿಂತಲ್ಲೇ ಮೇಲೇರಿಸುವವನು ತಾನು ಮಾತ್ರ ಮೆಟ್ಟಿಲು ಹತ್ತಿಯೇ ಸವೆದ. ಕಚೇರಿಯಲ್ಲಿ ಅವನಿಗೆ ಮೆಟ್ಟಿಲಪ್ಪ ಎಂದೇ ಹೆಸರು. ಮೊದಮೊದಲು ಸಿಡುಕುತ್ತಿದ್ದವನು ಈಗ ಆ ಹೆಸರಿಗೇ ಓಗೊಡುತ್ತಿದ್ದ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಒಂದು ಇಟ್ಟಿಗೆ. ಅದರ ಚಾರ್ಜರ್ ಆ ಇಟ್ಟಿಗೆಯ ಮರಿ. ಎರಡನ್ನೂ ಹೊತ್ತ ಚೀಲದ ಪಟ್ಟಿ ವರ್ಷಗಟ್ಟಲೆ ಬಲ ಹೆಗಲನ್ನು ಅದುಮಿತು. ಮೊದಲು ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಜೋಮು ಹಿಡಿಯಿತು. ಆಮೇಲೆ ಜುಮುಜುಮು ಎನ್ನುವುದೂ ನಿಂತಿತು. ಬಿಸಿ ಲೋಟ ಹಿಡಿದರೆ ಬಿಸಿ ಇಲ್ಲ, ಚಿವುಟಿದರೆ ನೋವಿಲ್ಲ; ಯಾರದೋ ಬೆರಳನ್ನು ತಂದು ಅಂಟಿಸಿದ ಹಾಗೆ. "ನರ ಅದುಮಿ ಹೋಗಿದೆ. ಭಾರ ಹೊರೋದು ಬಿಡಿ. ಕೂತಾಗ ಆ ಕೈಯನ್ನ ಕುರ್ಚಿ ಪಕ್ಕ ಇಳಿಬಿಟ್ಟು ಕೂತ್ಕೊಳ್ಳಿ, ಸ್ವಲ್ಪ ಹಗುರಾಗುತ್ತೆ" ಎಂದರು ಡಾಕ್ಟರು. ಕೈ ಇಳಿಬಿಡುವುದನ್ನು ರೂಢಿ ಮಾಡಿಕೊಂಡ. ಭಾರ ಬಿಡುವುದು ಅವನ ಕೈಯಲ್ಲಿರಲಿಲ್ಲ.

ಬೆಳಗ್ಗೆ ಮಗಳ ಜಡೆ ಹೆಣೆಯುವುದು ಮನೆಯಲ್ಲಿ ಅವನ ಪಾಲಿನ ಕೆಲಸ. ಒಂದು ದಿನ ಮಗಳು ಕನ್ನಡಿಯಲ್ಲೇ ಅವನ ಮುಖ ನೋಡಿ, "ಅಪ್ಪಾ, ಸ್ಕೂಲಿಗೆ ಹೋಗೋದ್ರೊಳಗೆ ಬಿಚ್ಚಿಹೋಗುತ್ತೆ. ನಾಳೆಯಿಂದ ಅಮ್ಮನೇ ಹಾಕ್ಲಿ ಬಿಡು" ಅಂದಳು. ಬಾಚಣಿಗೆಯನ್ನು ಹೆಂಡತಿಯ ಕೈಗೆ ಕೊಟ್ಟ. ಆಗ ಸಂಕಟವಾಗಬೇಕಿತ್ತು. ಆಗಲಿಲ್ಲ. ಜೋಮು ಬೆರಳಿನಿಂದ ಎಷ್ಟು ಮೇಲಕ್ಕೆ ಹತ್ತಿದೆ ಎಂದು ಅವನಿಗೆ ಅವತ್ತು ಗೊತ್ತಾಯಿತು.

ತೆಳು ಲ್ಯಾಪ್‌ಟಾಪ್ ಕೊಡಿಸಿ ಎಂದು ಕೇಳಲು ಅದೇ ವಾರ ಸಾಹೇಬರ ಕೋಣೆಗೆ ಹೋದ.

"ತೆಳು ಅಂದ್ರೆ ಹೆಚ್ಚುಕಮ್ಮಿ ಎರಡರಷ್ಟು ಬೆಲೆ ಕಣ್ರೀ. ಆ ದುಡ್ಡೆಲ್ಲ ಹೋಗೋದು ಅದರ ಸೊಂಟಕ್ಕೆ, ಶಕ್ತಿಗಲ್ಲ" ಎಂದರು ಸಾಹೇಬರು. "ನಿಮ್ಮ ಕೇಬಲ್ ಸಿಕ್ಕಿಸೋಕೆ ಅದರಲ್ಲಿ ಜಾಗವೇ ಇರಲ್ಲ. ಒಂದ್ಸಲ ಕೈಜಾರಿದ್ರೆ ಕತೆ ಮುಗೀತು. ನಿಮ್ಮ ಕೆಲಸಕ್ಕೆ ಗಟ್ಟಿಮುಟ್ಟಾಗಿರೋದೇ ಸರಿ."

ಅಷ್ಟರಮಟ್ಟಿಗೆ ಸಾಹೇಬರ ಮಾತಿನಲ್ಲಿ ಹುರುಳಿತ್ತು. ಅವನೂ ಒಪ್ಪಿ ತಲೆಯಾಡಿಸುತ್ತಿದ್ದನೇನೋ.

"ಇನ್ನು ಈ ಬೆರಳಿನ ಕತೆ" ಎಂದು ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಅವನ ಕಡೆಗೇ ಸರಿಸಿದರು. "ಚೀಟಿ ಯಾರು ಬೇಕಾದ್ರೂ ತರ್ತಾರೆ. ಜೋಮು ಹಿಡಿದಿದೆ ಅಂತ ನೀವು ಹೇಳ್ತೀರಿ, ಸರಿ. ನಾನು ಹೇಗೆ ನೋಡ್ಲಿ? ಕಣ್ಣಿಗೆ ಕಾಣೋ ಅಂಥದ್ದು ಏನಾದ್ರೂ ತೋರ್ಸಿ."

ಸಾಹೇಬರ ಮುಂದೆ ಅವರದೇ ತೆಳು ಲ್ಯಾಪ್‌ಟಾಪ್ ಕೂತಿತ್ತು. ಬಂದವರೆಲ್ಲರ ಕೈಯಲ್ಲೂ ಅದನ್ನು ಎತ್ತಿಸಿ, "ಬ್ಯಾಗಲ್ಲಿ ಇದೆಯೋ ಇಲ್ಲವೋ ಅಂತಲೇ ಗೊತ್ತಾಗಲ್ಲ" ಎಂದು ಹೇಳಿಕೊಳ್ಳುವುದು ಅವರ ಚಾಳಿ. ಮನೆಯಿಂದ ಕಾರಿಗೆ, ಕಾರಿನಿಂದ ಮೇಜಿಗೆ, ಅದು ಕಂಡ ಲೋಕ ಅಷ್ಟೇ. ಆದರೂ ಒಮ್ಮೆ ಕಾರಿನ ಬಾಗಿಲಿಗೆ ಸಿಕ್ಕಿ ಒಂದು ಮೂಲೆ ನೆಗ್ಗಿತ್ತು. ತೆಳು ತಗಡು ಹರಿದು ಮೇಲೆದ್ದದ್ದನ್ನು ಟೇಪು ಸುತ್ತಿ ಮುಚ್ಚಿದ್ದರು. ಅದು ಕಣ್ಣಿಗೆ ಬಿದ್ದು ಅವನಿಗೆ ತುಸು ಸಮಾಧಾನವಾಯಿತು. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದುಬಂದ.

ಅವನಿಗೆ ಆ ಲ್ಯಾಪ್‌ಟಾಪ್ ಬೇಕಿರಲಿಲ್ಲ, ಮಾರಿ ತಿನ್ನುವ ಆಸೆಯೂ ಇರಲಿಲ್ಲ. ನಿಜ ಹೇಳಿಯೂ ಸುಳ್ಳುಗಾರ ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಸಾಹೇಬರಿಗೂ ಒಮ್ಮೆ ತಿಳಿಯಲಿ, ಅಷ್ಟೇ. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲೇ ಇಟ್ಟಿದ್ದೆ ಎಂದು ಅವರು ಆಣೆ ಹಾಕಬೇಕು. ಎಲ್ಲೋ ದಾರಿಯಲ್ಲಿ ಕಳೆದುಕೊಂಡು ಈಗ ಕಾಗೆ ಹಾರಿಸುತ್ತಿದ್ದಾರೆ ಎಂದು ಎಲ್ಲರೂ ಒಳಗೊಳಗೇ ನಗಬೇಕು.

ಅದಕ್ಕೆ ಬೇಕಾದ ಉಪಾಯವನ್ನು ಸಾಹೇಬರ ಬಡಾಯಿಯೇ ಹೇಳಿಕೊಟ್ಟಿತು. ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಎಂದಮೇಲೆ ಇಲ್ಲದಿದ್ದರೂ ಗೊತ್ತಾಗಬಾರದು. ಹೊರಗೆ ಮೀಟಿಂಗ್ ಇದ್ದ ದಿನ ಅವರು ಬ್ಯಾಗಿನ ಜಿಪ್ ಎಳೆದು ಸಿದ್ಧಮಾಡಿಟ್ಟು, ಮೇಲಿನ ಮಹಡಿಗೆ ಹೋಗಿ ದೊಡ್ಡ ಯಜಮಾನರಿಗೆ ಮುಖ ತೋರಿಸಿ, ಆಮೇಲೆ ಟ್ಯಾಕ್ಸಿ ಹತ್ತುತ್ತಿದ್ದರು. ಆ ಹೊತ್ತಿಗೆ ಉಳಿದವರೆಲ್ಲ ಊಟದ ಕೋಣೆಯಲ್ಲಿರುತ್ತಾರೆ. ಕಚೇರಿಯ ಒಂದೇ ಕ್ಯಾಮೆರಾ ಮುಖ್ಯ ಬಾಗಿಲನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

ಬಚ್ಚಿಡುವ ಜಾಗ ಯೋಚಿಸುವಾಗ ಮಾತ್ರ ಅವನಿಗೆ ಬಹಳ ದಿನದ ಮೇಲೆ ಸಣ್ಣದೊಂದು ಖುಷಿಯಾಯಿತು. ಲಿಫ್ಟಿನ ಬಾಗಿಲು ತೆರೆದಾಗ ಲಿಫ್ಟಿಗೂ ಹೊರಗಿನ ನೆಲಕ್ಕೂ ನಡುವೆ ಒಂದು ಸಂದು ಇರುತ್ತದೆ. ದಿನಾ ದಾಟುವವರು ಅದನ್ನು ನೋಡುವುದೇ ಇಲ್ಲ. ಅವನ ಇಟ್ಟಿಗೆ ಅದರೊಳಗೆ ಏಳು ಜನ್ಮ ಎತ್ತಿದರೂ ತೂರುವುದಿಲ್ಲ. ಸಾಹೇಬರದು ಮಾತ್ರ ಅಂಚೆಪೆಟ್ಟಿಗೆಗೆ ಕಾಗದ ಹಾಕಿದಂತೆ ಇಳಿಯುತ್ತದೆ. ಅಷ್ಟು ದುಡ್ಡು ಕೊಟ್ಟು ತೆಳುವಾದದ್ದನ್ನು ಕೊಂಡದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು ಅಂದುಕೊಂಡ. ಸಂದಿನ ಕೆಳಗೆ ಲಿಫ್ಟಿನ ಗುಂಡಿ. ಅದರ ಬೀಗದ ಕೈ ಅವನೊಬ್ಬನ ಬಳಿ. ಮೊಬೈಲಿಗೇ ಅಲ್ಲಿ ಸಿಗ್ನಲ್ ಸುಳಿಯುವುದಿಲ್ಲ, ಲ್ಯಾಪ್‌ಟಾಪ್ ಎಲ್ಲಿದೆ ಎಂದು ಹುಡುಕಿಸಿದರೂ ಪತ್ತೆಯಾಗದು. ಸರ್ವಿಸ್ ಮಾಡುವ ನೆಪದಲ್ಲಿ ಇಳಿದು, ಸದ್ದಾಗದಿರಲೆಂದು ಗುಂಡಿಯ ತಳಕ್ಕೆ ಹಳೆ ಕಂಬಳಿ ಹಾಸಿಬಂದ. ರಾತ್ರಿ ಮಲಗಿದರೆ ನಿದ್ದೆ ಬರುತ್ತಿತ್ತು. ಎದೆ ಒಮ್ಮೆಯೂ ಹೊಡೆದುಕೊಳ್ಳಲಿಲ್ಲ.

ಆ ದಿನ ಬಂತು. ಸಾಹೇಬರು ಬ್ಯಾಗು ಸಿದ್ಧಮಾಡಿ ಮೇಲೆ ಹೋದರು. ಅವನು ಸಮವಸ್ತ್ರದ ಕಡುನೀಲಿ ಕೋಟು ಹಾಕಿಕೊಂಡು ಕೋಣೆಯೊಳಗೆ ನಡೆದ. ಜಿಪ್ ತೆಗೆದ. ಒಳಗಿನ ಮೆತ್ತನೆ ಬಟ್ಟೆ ಲ್ಯಾಪ್‌ಟಾಪನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಕೈ ಹಾಕಿ ಮೂಲೆ ಹಿಡಿದು ಜಗ್ಗಿದ. ಎರಡನೆಯ ಸಲಕ್ಕೆ ಬಂತು. ಜಿಪ್ ಎಳೆದು ಬ್ಯಾಗನ್ನು ಮೊದಲಿದ್ದ ಹಾಗೆಯೇ ವಾಲಿಸಿಟ್ಟ. ಕೋಟಿನೊಳಗೆ ಲ್ಯಾಪ್‌ಟಾಪನ್ನು ಬಲಗೈಯಲ್ಲಿ ಒತ್ತಿಕೊಂಡು, ಹೊಸದಾಗಿ ಬಿಳಿ ಟೈಲ್ಸ್ ಹಾಕಿದ್ದ ಹಜಾರದಲ್ಲಿ, ಎದುರಿಗೆ ಯಾರಾದರೂ ಬರುತ್ತಾರೇನೋ ಎಂದು ನೇರ ನೋಡುತ್ತ ನಡೆದ. ಯಾರೂ ಬರಲಿಲ್ಲ. ನಿಜಕ್ಕೂ ಹಗುರವಾಗಿತ್ತು. ಸಾಹೇಬರು ಈ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ.

ನೆಲಮಹಡಿಯಲ್ಲಿ ಲಿಫ್ಟ್ ನಿಂತಿತು. ಕಾವಲಿನವನು ರಸ್ತೆಗೆ ಮುಖಮಾಡಿ ಕೂತಿದ್ದ. ತಿರುಗಿದ್ದರೂ ಚಿಂತೆಯಿರಲಿಲ್ಲ, ಲಿಫ್ಟಿನವನು ಲಿಫ್ಟಿನ ಮುಂದೆ ಮಂಡಿಯೂರಿದರೆ ಏಕೆಂದು ಯಾರೂ ಕೇಳುವುದಿಲ್ಲ. ಭುಜದಿಂದ ಬಾಗಿಲನ್ನು ತಡೆಹಿಡಿದು, ರಸ್ತೆಯ ಕಡೆ ಕಣ್ಣಿಟ್ಟುಕೊಂಡೇ, ಲ್ಯಾಪ್‌ಟಾಪನ್ನು ಸಂದಿಗೆ ತೂರಿಸಿ ಬಿಟ್ಟ. ಕಂಬಳಿಯ ಮೇಲೆ ದಿಂಬು ಬಿದ್ದಷ್ಟು ಸದ್ದಾಯಿತು. ಎದ್ದು, ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿಕೊಂಡು ತನ್ನ ಜಾಗಕ್ಕೆ ಬಂದು ಕೂತ. ಡಾಕ್ಟರು ಹೇಳಿದಂತೆ ಬಲಗೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟ. ಎಡಗೈಯಲ್ಲಿ ಮೊಬೈಲು ಹಿಡಿದು, ಯಾವುದೋ ಕಟ್ಟಡದ ದೂರನ್ನು ಓದತೊಡಗಿದ.

ಸಾಹೇಬರು ಮೇಲಿನಿಂದ ಬಂದವರೇ ಕಿವಿಗೆ ಮೊಬೈಲು ಒತ್ತಿಕೊಂಡು, ಬ್ಯಾಗನ್ನು ಹೆಗಲಿಗೇರಿಸಿ, ಯಾರೊಂದಿಗೋ ನಗುತ್ತ ಹೊರಟುಹೋದರು. ಬ್ಯಾಗಿನತ್ತ ತಿರುಗಿಯೂ ನೋಡಲಿಲ್ಲ. ಮೀಟಿಂಗ್ ಮುಂದೆ ಹೋಯಿತೆಂದು ಅರ್ಧ ದಾರಿಯಿಂದಲೇ ತಿರುಗಿಬಂದರು. ಊಟ ಮುಗಿಸಿದವರು ಅದೇ ತಾನೇ ತಮ್ಮ ತಮ್ಮ ಕುರ್ಚಿಗೆ ಮರಳುತ್ತಿದ್ದರು. ತುಸು ಹೊತ್ತಿನಲ್ಲೇ ಸಾಹೇಬರು ಬ್ಯಾಗು ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದರು.

"ನನ್ನ ಲ್ಯಾಪ್‌ಟಾಪ್ ಇಲ್ಲ."

"ಟ್ಯಾಕ್ಸೀಲಿ ತೆಗೆದಿದ್ರೇನೋ ಸರ್" ಎಂದರು ಅಕೌಂಟ್ಸಿನವರು.

"ತೆಗೆದೇ ಇಲ್ಲ ಅಂತೀನಿ. ಇಲ್ಲೇ ಒಳಗಿಟ್ಟು ಜಿಪ್ ಹಾಕಿದೀನಿ."

"ಹಗುರ ಅಲ್ವಾ ಸರ್, ಬಿಟ್ಟುಬಂದ್ರೂ ಗೊತ್ತಾಗಿರಲ್ಲ" ಎಂದು ರಿಸೆಪ್ಷನ್ನಿನ ಅಕ್ಕ ಮೆಲ್ಲಗೆ ಅಂದಳು. ಯಾರೋ ನಗು ತಡೆದುಕೊಂಡು ಕೆಮ್ಮಿದರು. ಸಾಹೇಬರ ಕಿವಿ ಕೆಂಪಾಯಿತು. ಟ್ಯಾಕ್ಸಿಯವನಿಗೆ ಫೋನು ಮಾಡಿದರು. ಅವನು ಇಲ್ಲವೆಂದ. ಇನ್ನೇನು ಹೇಳುತ್ತಾನೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲವೂ ಅವನು ಅಂದುಕೊಂಡಂತೆಯೇ, ಅಂದುಕೊಂಡಷ್ಟೇ ನಡೆಯುತ್ತಿತ್ತು. ಖುಷಿಯಾಗುತ್ತದೇನೋ ಎಂದು ಕಾದು ನೋಡಿದ. ಬರಲಿಲ್ಲ. ಒಂದು ಮಾತಾಡಿದರೆ ಬಂದೀತು ಅನ್ನಿಸಿತು.

"ನೀವು ಹೇಳ್ತಿದೀರಿ ಸರ್, ಸರಿ. ಆದ್ರೆ ನಾವು ಹೇಗೆ ನೋಡೋದು? ಕಣ್ಣಿಗೆ ಕಾಣೋ ಅಂಥದ್ದು ಏನಾದ್ರೂ ತೋರಿಸ್ಬೇಕಲ್ಲ" ಎಂದ, ಕೂತಲ್ಲಿಂದಲೇ.

ಸಾಹೇಬರು ತೋರಿಸಿದರು. ಜಿಪ್ ಪೂರ್ತಿ ಎಳೆದು, ಬ್ಯಾಗಿನ ಎರಡೂ ಮಗ್ಗುಲನ್ನು ಅಗಲಿಸಿ ಎಲ್ಲರ ಮುಂದೆ ಹಿಡಿದರು. ಒಳಗಿನ ಬೂದು ಬಣ್ಣದ ಬಟ್ಟೆಗೆ ಒಂದು ಕಡೆ ಟೇಪಿನ ಚೂರು ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ ಕೆಂಪಗೆ, ಇನ್ನೂ ಆರದ ಒಂದು ಗೀಟು. ಅವರು ಬ್ಯಾಗನ್ನು ನೋಡಿದರು, ಆಮೇಲೆ ತಮ್ಮ ಕೋಣೆಯ ಬಾಗಿಲಿನಿಂದ ಬಿಳಿ ಟೈಲ್ಸಿನ ಮೇಲೆ ಲಿಫ್ಟಿನವರೆಗೆ ಹೋಗಿದ್ದ ಹನಿಗಳನ್ನು, ಆಮೇಲೆ ಮೆಟ್ಟಿಲ ಕಡೆಯಿಂದ ಬಂದು ಒಂದು ಕುರ್ಚಿಯ ಬಳಿ ನಿಂತ ಹನಿಗಳನ್ನು. ಎಲ್ಲರೂ ಅತ್ತಲೇ ತಿರುಗಿದರು. ಕಡೆಗೆ ಅವನೂ ಬಗ್ಗಿ ನೋಡಿದ. ಇಳಿಬಿಟ್ಟ ಬಲಗೈಯ ಕಿರುಬೆರಳು ಮೂಳೆ ಕಾಣುವಷ್ಟು ಸೀಳಿತ್ತು. ಕೆಳಗೆ ನೆಲದ ಮೇಲೆ ಅಂಗೈ ಅಗಲದ ರಕ್ತ ನಿಂತಿತ್ತು. ಸಾಹೇಬರು ಬ್ಯಾಗು ಹಿಡಿದುಕೊಂಡೇ ಹತ್ತಿರ ಬಂದು, ಲ್ಯಾಪ್‌ಟಾಪನ್ನೇ ಮರೆತವರಂತೆ, "ನೋವಾಗ್ತಿಲ್ವೇನ್ರೀ?" ಎಂದು ಕೇಳಿದರು. "ಇಲ್ಲ ಸರ್" ಎಂದ. ಈ ಸಲ ಸಾಹೇಬರು ಅವನ ಮಾತನ್ನು ನಂಬಿದರು.