ಮೆಷಿನ್ ಮಾಡದ ಟೀಂಯ್

“ನಾಲ್ಕು-ನಾಲ್ಕು,” ಎಂದರು ರೆಫರಿ ಉದಯ ಸರ್. “ಐದನೇ ಪಾಯಿಂಟ್ ಯಾರಿಗೋ, ಜಿಲ್ಲಾ ಟೀಮಿಗೆ ಅವರು.”

ದರ್ಬೆಯ ಫೆನ್ಸಿಂಗ್ ಹಾಲ್‌ನಲ್ಲಿ ಎಲ್ಲರೂ ಮುಂದಕ್ಕೆ ಬಾಗಿದರು. ಒಂದು ಕಡೆ ಸುಳ್ಯದ ತೃಷಾ, ಇನ್ನೊಂದು ಕಡೆ ಕಡಬದ ಪ್ರೀತಿಕಾ. ಮುಖಕ್ಕೆ ಜಾಲರಿಯ ಮಾಸ್ಕ್, ಕೈಯಲ್ಲಿ ತೆಳ್ಳಗಿನ ಫಾಯಿಲ್ ಕತ್ತಿ.

ತೃಷಾಳ ತಮ್ಮ ಕೀರ್ತನ್ ಬೆಂಚಿನಲ್ಲಿದ್ದ. ಬೆಳಗ್ಗೆ ಬಸ್ಸಿನಲ್ಲಿ ಕಂಡಕ್ಟರರ ದನಿಯಲ್ಲೇ “ರೈಟ್, ಪೋಯಿ” (ಹೋಗುವ) ಎಂದು ಕೂಗಿ, ಡ್ರೈವರ್ ಬಸ್ಸು ಹೊರಡಿಸುವ ಹಾಗೆ ಮಾಡಿದ್ದ. ಇಲ್ಲಿ, ಕತ್ತಿ ತಾಗಿದಾಗ ಮೆಷಿನ್ ಮಾಡುವ “ಟೀಂಯ್” ಸದ್ದನ್ನು ಹಾಗೇ ಮಾಡಿ ಪಕ್ಕದಲ್ಲಿದ್ದ ಗೆಳೆಯ ಫಯಾಝನನ್ನು ನಗಿಸುತ್ತಿದ್ದ.

“ಕೈಗೆ ತಾಗಿದ್ರೆ ಎಂತ?” ಫಯಾಝ್ ಪಿಸುಗುಟ್ಟಿದ.

“ಬಿಳಿ ಲೈಟ್. ಪಾಯಿಂಟ್ ಇಲ್ಲ. ಎದೆ, ಹೊಟ್ಟೆ, ಬೆನ್ನಿಗೆ ಮೊನೆ ಒತ್ತಿದ್ರೆ ಬಣ್ಣದ ಲೈಟ್. ಅಕ್ಕನದ್ದು ಹಸಿರು.”

“ಎಲ್ಲದಕ್ಕೂ ಟೀಂಯ್ ಉಂಟಾ?”

“ಉಂಟು. ಈಗ ಸುಮ್ಮನಿರು ಮಾರಾಯ.”

ಪ್ರೀತಿಕಾ ನುಗ್ಗಿದಳು. ತೃಷಾ ಹಿಂದೆ, ಇನ್ನೂ ಹಿಂದೆ. ಹಿಂದಿನ ಗೆರೆ ದಾಟಿದರೂ ಪಾಯಿಂಟ್ ಹೋದ ಹಾಗೆಯೇ. ಪ್ರೀತಿಕಾಳ ಮೊನೆ ಅಕ್ಕನ ಎದೆಯತ್ತ ಬಂತು.

“ಟೀಂಯ್.”

ಪ್ರೀತಿಕಾ ನಿಂತಳು. ಕತ್ತಿ ಇಳಿಸಿದಳು. ಅಷ್ಟರಲ್ಲಿ ತೃಷಾಳ ಮೊನೆ ಅವಳ ಹೊಟ್ಟೆಗೆ ತಾಗಿತು. ಇನ್ನೊಂದು ಟೀಂಯ್. ಹಸಿರು ಲೈಟ್.

“ಹಾಲ್ಟ್. ಐದು-ನಾಲ್ಕು. ತೃಷಾ.”

“ಸರ್, ಮೊದಲೇ ಸದ್ದು ಬಂತಲ್ಲ?” ಪ್ರೀತಿಕಾ ಕೇಳಿದಳು.

“ಲೈಟ್ ಬರ್ಲಿಲ್ಲ. ನಾನು ಹಾಲ್ಟ್ ಹೇಳುವ ಮೊದಲೇ ನಿಲ್ಲುದಾ?”

ಪ್ರೀತಿಕಾ ಮಾಸ್ಕ್ ತೆಗೆದಳು. ಕಣ್ಣು ತುಂಬಿತ್ತು. ಫಯಾಝ್ ನಗಲಿಲ್ಲ. ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ಕೂತ.

ಬೇಕೆಂದು ಮಾಡಿದ್ದಲ್ಲ, ಬಾಯಿಂದ ಜಾರಿದ್ದು. ಹಾಗೆಂದುಕೊಂಡರೂ ಕೀರ್ತನನಿಗೆ ಕೂತಿರಲಾಗಲಿಲ್ಲ. ಎದ್ದು ಉದಯ ಸರ್ ಹತ್ತಿರ ಹೋದ.

“ಸರ್, ಮೊದಲಿನದ್ದು ಮೆಷಿನ್ ಅಲ್ಲ.” ನಂಬಲಿಕ್ಕಿಲ್ಲ ಎಂದು ಮಾಡಿಯೇ ತೋರಿಸಿದ. “ಟೀಂಯ್.”

ಉದಯ ಸರ್ ತಟ್ಟನೆ ಮೆಷಿನಿನ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಅವನ ಕಡೆ.

“ಆ ಪಾಯಿಂಟ್ ಇಲ್ಲ. ನಾಲ್ಕು-ನಾಲ್ಕು. ನೀನು ಹೊರಗೆ ನಡಿ.”

ಕೀರ್ತನ್ ಬಾಗಿಲ ಹೊರಗೆ ನಿಂತ. ಒಳಗೆ ಶೂಗಳ ಸದ್ದು, ಕತ್ತಿಗೆ ಕತ್ತಿ. ಆಮೇಲೆ ಟೀಂಯ್. ಚಪ್ಪಾಳೆ.

ಯಾವ ಬಣ್ಣ ಎಂದು ಸದ್ದು ಹೇಳುವುದಿಲ್ಲ.

ಮಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ತೃಷಾ ಬಂದಳು. “ಕೆಂಪು. ಟೀಮಿಗೆ ಪ್ರೀತಿಕಾ ಹೋಗುದು.”

“ಅಕ್ಕ, ನಾನು ಹೇಳದಿದ್ರೆ...”

“ನಾನೇ ಹೇಳ್ತಿದ್ದೆ. ನಿನ್ನ ಟೀಂಯ್ ನಂಗೆ ಗೊತ್ತಾಗುದಿಲ್ವಾ? ಬ್ಯಾಗ್ ಹಿಡಿ.”

ಸುಳ್ಯದ ಬಸ್ಸಿನಲ್ಲಿ ಕಂಡಕ್ಟರ್ ಮುಂದೆ ಟಿಕೆಟ್ ಕೊಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ಒಬ್ಬರು ಅಜ್ಜಿ ಒಂದು ಕಾಲು ಮಾತ್ರ ಮೆಟ್ಟಿಲ ಮೇಲೆ ಇಟ್ಟಿದ್ದರು.

“ರೈಟ್, ಪೋಯಿ” ಕೀರ್ತನನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡು, ಅಜ್ಜಿ ಸೀಟಿನಲ್ಲಿ ಕೂರುವವರೆಗೂ ಕಾದ.