ಜಾವಗಲ್ ದಾರಿಯ ರಾಗಿ

“ಅದ್ರ ಮ್ಯಾಲೆ ಹತ್ತಿಸ್ಬ್ಯಾಡಿ ಸ್ವಾಮಿ. ಅದು ಒಕ್ಕಣೆ ರಾಗಿಯಲ್ಲ, ಮಾಟ ಇಳಿಸಿ ಹಾಕಿರೋದು.”

ಮಾದಮ್ಮ ಕಾರಿಗೆ ಅಡ್ಡ ನಿಂತು ಕೈಮುಗಿದಳು. ಅವಳ ಹಿಂದೆ ಟಾರಿನ ಮೇಲೆ ರಾಗಿತೆನೆ, ಅದರ ಮೇಲೆ ಕುಂಕುಮದ ನೀರು, ಸುತ್ತ ಬೇವಿನ ಸೊಪ್ಪು. ಮಗಳು ಭಾಗ್ಯ ಮೂರು ತಿಂಗಳಿಂದ ಉಸಿರು ಕಟ್ಟಿ ಮಲಗಿದ್ದಾಳೆ, ಮಂತ್ರವಾದಿ ಹೇಳಿದಂತೆ ದಾರಿಗೆ ಹಾಕಿದ್ದೇನೆ, ದಾಟಿದವರಿಗೆ ಅದು ಹತ್ತುತ್ತದೆ ಎಂದಳು.

“ಯಾರಾದ್ರೂ ದಾಟಿದ್ರೆ ನಿನ್ ಮಗಳಿಗೆ ವಾಸಿ ತಾನೇ? ಮತ್ಯಾಕಮ್ಮ ತಡೀತೀಯಾ?” ಇಂದ್ರೇಶ ಕಾರಿನೊಳಗಿಂದಲೇ ಕೇಳಿದ.

“ಬ್ಯಾರೆಯೋರ ಮಕ್ಳಿಗೆ ಬರ್ಲಿ ಅಂತ ಕೂತ್ಕಳಕಾಯ್ತದಾ? ಹೊತ್ತು ಮುಳುಗಿದ್ ಮ್ಯಾಲೆ ಸುಟ್ಟಾಕ್ತೀನಿ. ನಿಧಾನಕ್ಕೆ ಬಿಡ್ತದಂತೆ.”

ಇಂದ್ರೇಶ ನಕ್ಕ. ಕಬಡ್ಡಿ ಲೀಗಿನಲ್ಲಿ ಹೆಸರು ಮಾಡಿದ ರೈಡರ್ ಅವನು. ಈ ಸೀಮೆಗೆ ಹೊಸಬ. ಅರಸೀಕೆರೆಯಲ್ಲಿ ಹಳೆಯ ಕೊಬ್ಬರಿ ಗೋದಾಮು ಹಿಡಿದು ಒಂಬತ್ತು ಕಾರು ತುಂಬಿಕೊಂಡಿದ್ದ. ಹೆಣ್ಣು ನೋಡಲು ಹೋದವನು ಹೆಣ್ಣನ್ನು ಬಿಟ್ಟು ಅವರ ಶೆಡ್ಡಿನ ಜೀಪು ಒಪ್ಪಿಕೊಂಡು ಬಂದ ಆಸಾಮಿ. ಭಾನುವಾರ ಕಾರ್ ರೇಸಿತ್ತು. ಈ ಹೆಂಗಸಿಗಾಗಿ ಬ್ರೇಕು ಹಿಡಿದದ್ದೇ ಅವನಿಗೆ ಅವಮಾನವಾಗಿತ್ತು.

“ನಾನೇ ಒಕ್ಕಿ ಕೊಡ್ತೀನಿ ಬಿಡು” ಎಂದು ಕಾರನ್ನು ಅಷ್ಟು ದೂರ ಹಿಂದಕ್ಕೆ ಒಯ್ದು, ಒಂದೇ ಉಸಿರಿಗೆ ನುಗ್ಗಿಸಿದ. ಮಾದಮ್ಮ ಪಕ್ಕಕ್ಕೆ ಹಾರಿದಳು. ಚಕ್ರದಡಿ ತೆನೆ ಚಟಪಟ ಸಿಡಿಯಿತು. ಗಾಜು ಮುಚ್ಚಿದ್ದರೂ ಒಳಗೆಲ್ಲ ಸೀದ ರಾಗಿಯ ವಾಸನೆ ಕವಿಯಿತು.

ಮರುದಿನ ಅಂಕಣಕ್ಕಿಳಿದ. ಕಬಡ್ಡಿ, ಕಬಡ್ಡಿ, ಕಬ... ಉಸಿರು ನಿಂತಿತು. ಕೆಮ್ಮಿದ. ಅಂಗೈಗೆ ಬಿದ್ದದ್ದು ರಾಗಿಯ ಹೊಟ್ಟು. ಡಾಕ್ಟರು ಶ್ವಾಸಕೋಶ ಚೆನ್ನಾಗಿದೆ ಎಂದರು. ಭಾನುವಾರ ಹೆಲ್ಮೆಟ್ ಹಾಕಿದ. ಒಳಗೆ ಕತ್ತಲು. ಸೀದ ವಾಸನೆ. ಕಿವಿಯಲ್ಲಿ ತೆನೆ ಸಿಡಿವ ಸದ್ದು. ಗಂಟಲಲ್ಲಿ ಹೊಟ್ಟು. ಬಾವುಟ ಬಿತ್ತು. ಎಲ್ಲ ಕಾರುಗಳೂ ಹೋದವು. ಅವನದು ನಿಂತೇ ಇತ್ತು. ಹತ್ತು ದಿನದಲ್ಲಿ ಸರಿಹೋಗದಿದ್ದರೆ ಈ ಸೀಸನ್‌ಗೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಕಬಡ್ಡಿ ತಂಡದವರು ಹೇಳಿದರು.

ಹುಡುಕಿಕೊಂಡು ಮಾದಮ್ಮನ ಮನೆಗೆ ಹೋದ. ಭಾಗ್ಯ ಅಂಗಳದಲ್ಲಿ ಬಟ್ಟೆ ಒಣಗಿಸುತ್ತ ಹಾಡಿಕೊಳ್ಳುತ್ತಿದ್ದಳು.

“ನಿಮ್ಮಿಂದ ಇವ್ಳು ಎದ್ಲು. ನಿಮ್ಗೆ ಮುಖ ತೋರ್ಸಕ್ಕೂ ನಾಚ್ಕೆ ಆಯ್ತದೆ” ಎಂದು ಮಾದಮ್ಮ ತಲೆ ತಗ್ಗಿಸಿದಳು. “ನೀವೂ ಇಳಿ ತೆಗೆಸಿ. ಯಾರೂ ದಾಟ್ದಂಗೆ ಕಾಯಿರಿ, ಆಮ್ಯಾಲೆ ಸುಡಿ. ವರ್ಸ ಹಿಡಿದ್ರೂ ಬಿಡ್ತದೆ.”

ಅವನಿಗೆ ವರ್ಷವಿರಲಿಲ್ಲ.

ಆದರೂ ಮೊದಲು ನ್ಯಾಯವಾಗಿಯೇ ಕೂತ. ಇಳಿ ತೆಗೆಸಿ, ಅದೇ ರಸ್ತೆಯಲ್ಲಿ ರಾಗಿತೆನೆ ಹರಡಿ, ಕುಂಕುಮದ ನೀರು ಹಾಕಿ, ಬೇವು ಇಟ್ಟು, ಒಂದು ಟ್ರ್ಯಾಕ್ಟರನ್ನು ಕೈ ಅಡ್ಡ ಹಿಡಿದು ಬದಿಗೆ ಕಳಿಸಿದ. ಮಧ್ಯಾಹ್ನದ ಬಿಸಿಲಿಗೆ ಗಂಟಲಲ್ಲಿ ಮತ್ತೆ ಹೊಟ್ಟು ತುಂಬಿತು. ಉಸಿರಿಲ್ಲ. ತೆವಳಿಕೊಂಡು ಹೋಗಿ ಬೇವಿನ ಸೊಪ್ಪನ್ನು ಚರಂಡಿಗೆ ಎಸೆದ. ಕುಂಕುಮ ಕಾಣದಂತೆ ತೆನೆಗಳನ್ನು ಮಗುಚಿದ. ತಾನು ಮಾಡುತ್ತಿರುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸ್ಕೂಟಿಯಲ್ಲಿ ಬಂದ ಹುಡುಗಿ ತಾನಾಗಿ ನಿಲ್ಲಿಸಿದಳು.

“ಇಂದ್ರೇಶ್ ಸರ್ ಅಲ್ವಾ? ನಾನು ಶಿಲ್ಪಶ್ರೀ, ತಾಲ್ಲೂಕು ಟೀಮಲ್ಲಿ ರೈಡರ್ ಸರ್.” ಕಣ್ಣರಳಿಸಿ ನೋಡಿ, ಆಮೇಲೆ ರಾಗಿಯತ್ತ ತಿರುಗಿದಳು. “ಇದ್ರ ಮೇಲೆ ಹೋಗ್ಬೋದಾ ಸರ್? ಪಕ್ಕದಲ್ಲೂ ಜಾಗ ಐತೆ.”

ಒಂದು ಮಾತು ಸಾಕಿತ್ತು. ಅವನಲ್ಲಿ ಅಷ್ಟೇ ಉಸಿರು ಉಳಿದಿತ್ತು.

“ಮೇಲೇ ಹೋಗಮ್ಮ. ಒಕ್ಕಣೆ ರಾಗಿ.”

ತೆನೆ ಚಟಪಟ ಸಿಡಿಯಿತು. ಗಾಳಿ ಒಳಗೆ ಬಂತು. ಎದೆ ತುಂಬಿತು. ತಣ್ಣಗೆ, ಸಲೀಸಾಗಿ. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

ಅಷ್ಟು ದೂರ ಹೋದ ಶಿಲ್ಪಶ್ರೀ ಕೆಮ್ಮುತ್ತ ಇಳಿದು, ನಡೆದು ವಾಪಸು ಬಂದಳು. ನೀರು ಕೇಳಿದಳು, ಕೊಟ್ಟ. ಕುಡಿದು, ಬಾಯೊರೆಸಿಕೊಂಡು, ಬಗ್ಗಿ ಅವನ ಕಾಲು ಮುಟ್ಟಿದಳು.

“ನಾಳಿದ್ದು ಸೆಲೆಕ್ಷನ್ ಐತೆ ಸರ್. ಆಶೀರ್ವಾದ ಮಾಡಿ.”

ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ.

“ಒಳ್ಳೇದಾಗ್ಲಿ ಕಣಮ್ಮ” ಎಂದ. ದನಿ ಎಲ್ಲೂ ತಡೆಯಲಿಲ್ಲ.