ಎರಡನೇ ಬಾಟಲಿ

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಕಾಲು ಮಾಡಿ ಹಿಡಿದಿದ್ದೆ. ಫೋನ್ ಬಂತು.

"ಅಕ್ಕಾ, ಬೇಗ ಬನ್ನಿ. ಶಾಲೆ ನೀರಿನ ಎರಡನೇ ಬಾಟಲೀಲಿ ಆರ್ಸೆನಿಕ್ಕೇ ಇಲ್ಲ!"

ನೀರು ಪರೀಕ್ಷಿಸುವ ನಮ್ಮ ಪ್ರಯೋಗಾಲಯದ ಸಹಾಯಕ. ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವುದರಿಂದ ಅವನನ್ನು ಎಲ್ಲರೂ ಗಡಿಬಿಡಿ ಎನ್ನುತ್ತಾರೆ.

ಎಲ್ಲಿಯ ನೀರಾದರೂ ನಾವು ಜೋಡಿ ಬಾಟಲಿಯಲ್ಲಿ ತುಂಬಿ ತರುತ್ತೇವೆ. ಒಂದನ್ನು ಪರೀಕ್ಷಿಸಿ, ಇನ್ನೊಂದನ್ನು ಫ್ರಿಜ್ಜಿನಲ್ಲಿಡುತ್ತೇವೆ. ಮೊದಲನೆಯದರಲ್ಲಿ ವಿಷ ಕಂಡರೂ, ಎರಡನೆಯದು ಹೌದೆಂದ ಮೇಲೆಯೇ ನಲ್ಲಿಗೆ ಬೀಗ. ನಿನ್ನೆ ಮಗಳ ಶಾಲೆಯ ಮೊದಲ ಬಾಟಲಿಯಲ್ಲಿ ಆರ್ಸೆನಿಕ್ ಮಿತಿಮೀರಿತ್ತು. ಅದಕ್ಕೇ ಇವತ್ತು ಅವಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದೆ. ಅವಳ ಗೆಳತಿಯರೆಲ್ಲ ಶಾಲೆಯಲ್ಲಿದ್ದರು.

ಮನೆಯ ಮುಂದಿನ ಭಾಗದಲ್ಲಿ ನನ್ನ ಅಣ್ಣನ ವಾಸ. ನೀರಿನ ಫಿಲ್ಟರ್, ಪೈಪುಗಳ ರಿಪೇರಿ ಅವನ ಕಸುಬು.

"ಮಾವನ ಹತ್ರ ಇರು, ಪುಟ್ಟೀ," ಎಂದು ಓಡಿದೆ.

*

"ಎರಡನೇದು ಚೊಕ್ಕವಾಗಿದೆ," ಎಂದರು ನಮ್ಮ ಮುಖ್ಯಸ್ಥರು. "ನಿನ್ನೆಯದು ಗಡಿಬಿಡಿಯ ಕೈಚಳಕ. ಪಾತ್ರೆ ಸರಿಯಾಗಿ ತೊಳೆದಿಲ್ಲ. ನೀರು ಕುಡೀಬಹುದು ಅಂತ ಶಾಲೆಗೆ ಹೇಳಿಬಿಡೋಣ."

"ಎರಡೆರಡು ಸಲ ತೊಳ್ದಿದ್ದೆ ಸಾರ್!"

"ನೀನು ತೊಳೆದ್ರೆ ಇನ್ನೂ ಭಯ ಕಣಯ್ಯ."

"ಸ್ವಲ್ಪ ತಡೀರಿ ಸಾರ್," ಎಂದೆ. ಯಾರೋ ನೀರನ್ನೇ ಬದಲಿಸಿದ್ದಾರೆಂದು ನನ್ನ ಗುಮಾನಿ.

ನೀರು ತುಂಬಿದ ಕೂಡಲೇ ನಾವು ಬಾಟಲಿಗೆ ಕೆಲವು ಹನಿ ನೈಟ್ರಿಕ್ ಆಸಿಡ್ ಹಾಕುತ್ತೇವೆ. ಇಲ್ಲವಾದರೆ ನೀರಿನಲ್ಲಿರುವ ಕಬ್ಬಿಣ ತುಕ್ಕಾಗಿ, ಆರ್ಸೆನಿಕ್ಕನ್ನೂ ಎಳೆದುಕೊಂಡು ತಳ ಸೇರುತ್ತದೆ. ನಲ್ಲಿನೀರು ಸುರಿದು ಹೋದವರು ಆಸಿಡ್ ಎಲ್ಲಿಂದ ಹಾಕಿಯಾರು? ಎರಡನೇ ಬಾಟಲಿಗೆ ಪರೀಕ್ಷೆಯ ಕಾಗದ ಅದ್ದಿದೆ.

ಕೆಂಪಗಾಯಿತು. ಆಸಿಡ್ ಇತ್ತು.

"ಹಾಗಾದ್ರೆ ಬದಲಿಸಿದ್ರೂ ಒಳಗಿನವರೇ," ಎಂದು ಮುಖ್ಯಸ್ಥರು ಗಡಿಬಿಡಿಯತ್ತ ತಿರುಗಿದರು. ಅವನ ಮುಖ ಬೆವೆತಿತ್ತು.

"ನಂಗ್ಯಾಕೆ ಸಾರ್ ಬೇಕು ಈ ಉಸಾಬರಿ?"

ಯಾವ ಆಸಿಡ್? ಮೊದಲ ಬಾಟಲಿಯಲ್ಲಿ ಉಳಿದಿದ್ದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ತೆಳುವಾಗಿ ಮಬ್ಬಾಯಿತು. ಎರಡನೆಯದಕ್ಕೆ ಬಿಟ್ಟೆ. ಗಟ್ಟಿ ಮೊಸರಿನಂತೆ ಬೆಳ್ಳಗಾಯಿತು.

ನೈಟ್ರಿಕ್ ಆಸಿಡ್ ಹೀಗೆ ಬೆಳ್ಳಗಾಗುವುದಿಲ್ಲ. ಇದು ಹೈಡ್ರೋಕ್ಲೋರಿಕ್ ಆಸಿಡ್. ಅದು ಯಂತ್ರದ ಲೆಕ್ಕ ಕೆಡಿಸುತ್ತದೆಂದು ನಾವ್ಯಾರೂ ಈ ಬಾಟಲಿಗಳಿಗೆ ಸೋಕಿಸುವುದಿಲ್ಲ. ಗಡಿಬಿಡಿ ಕೂಡ. ಆಸಿಡ್ ಹಾಕಬೇಕೆಂದು ಗೊತ್ತಿದ್ದೂ, ಯಾವುದೆಂದು ಗೊತ್ತಿಲ್ಲದವರ ಕೆಲಸ ಇದು.

"ನಿನ್ನೆ ಸಂಜೆ ಹೊರಗಿನವರು ಯಾರು ಬಂದಿದ್ರು?"

"ನಿಮ್ಮಣ್ಣ ಒಬ್ರೇ ಅಕ್ಕಾ. ಸಿಂಕ್ ಕಟ್ಕೊಂಡಿತ್ತಲ್ಲ? ಆಸಿಡ್ ಹಾಕಿ ಬಿಡಿಸಿಕೊಟ್ರು."

ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಅವನನ್ನು ಹೊರಗಿನವನೆಂದು ನಾನು ಎಣಿಸಿಯೇ ಇರಲಿಲ್ಲ. ನಿನ್ನೆ, ಅದೇ ಸಿಂಕಿನ ಪಕ್ಕ ನಿಂತು, ಶಾಲೆಯ ನೀರಿನ ಸುದ್ದಿಯನ್ನು ನಾನೇ ಅವನಿಗೆ ಹೇಳಿದ್ದೆ.

"ನಲ್ಲಿ ಮುಚ್ಚಿಸಿ ಸಾರ್, ಈಗಲೇ. ಗಡಿಬಿಡಿ ಹೋಗಿ ಹೊಸ ನೀರು ತರಲಿ."

*

ಅಣ್ಣನ ಕೋಣೆಯಲ್ಲಿ ಮಗಳು ನೆಲದ ಮೇಲೆ ಕೂತು ಅವನ ವಾಷರುಗಳನ್ನು ಚಿಕ್ಕದು ದೊಡ್ಡದು ಎಂದು ಬೇರೆ ಮಾಡುತ್ತಿದ್ದಳು.

"ಅಣ್ಣಾ, ಫ್ರಿಜ್ಜಲ್ಲಿದ್ದ ಬಾಟಲಿ ನೀರು ಬದಲಿಸಿ, ನಿನ್ನ ಪೈಪ್ ತೊಳೆಯೋ ಆಸಿಡ್ ಹಾಕಿದ್ದೀಯ. ನಾವು ಹಾಕೋದು ಬೇರೆ."

ಅವನು ಸ್ಪ್ಯಾನರ್ ಕೆಳಗಿಟ್ಟ.

"ಶಾಲೇಲಿ ನೀರು ತುಂಬುವಾಗ ನೀವು ಹನಿ ಹಾಕೋದು ನೋಡಿದ್ದೆ. ಎಲ್ಲಾ ಒಂದೇ ಅನ್ಕೊಂಡೆ."

"ಶಾಲೆ ಫಿಲ್ಟರ್ ನಿನ್ನ ಸುಪರ್ದಿನಲ್ಲಿರೋದು."

"ಅದರೊಳಗಿನ ವಿಷ ಹೀರೋ ಪುಡಿ ಕೆಲಸ ನಿಲ್ಲಿಸಿದೆ ಕಣೇ. ಬದಲಿಸ್ಬೇಕಿತ್ತು. ಇವತ್ತು ನಾಳೆ ಅಂತ ತಳ್ಳಿದೆ. ಗೊತ್ತಾದ್ರೆ ನನ್ನನ್ನ ಇನ್ಯಾರು ಕೆಲಸಕ್ಕೆ ಕರೀತಾರೆ? ರಜೆ ಬಂದ ತಕ್ಷಣ ಸರಿಮಾಡಿಬಿಡ್ತಿದ್ದೆ."

"ನಿನ್ನ ಸೊಸೆ ಓದೋ ಶಾಲೆ ಅದು!"

"ಇವಳು ಒಂದು ಹನಿ ಕುಡಿದಿಲ್ಲ!" ಅವನ ದನಿ ಒಡೆಯಿತು. "ದಿನಾ ನಾನೇ ಮನೆ ನೀರು ತುಂಬಿಸಿ ಬ್ಯಾಗಿಗೆ ಹಾಕಿದ್ದೀನಿ. ಅಲ್ಲಿ ನಲ್ಲಿ ಮುಟ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೀನಿ. ಅಷ್ಟಾದ್ರೂ ನಂಬು."

ನಂಬಿದೆ.

ಮಗಳ ಬೆರಳುಗಳು ನಿಂತಿದ್ದವು. ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದಳು. ಕೊನೆಗೆ ಕೇಳಿಯೇಬಿಟ್ಟಳು.

"ಮಾವಾ, ನನ್ನ ಪಕ್ಕದಲ್ಲಿ ಕೂರೋಳಿಗೆ ನೀನ್ಯಾಕೆ ಹೇಳಲಿಲ್ಲ?"